ಮನಃಶಾಸ್ತ್ರದ ಪದವಿ ವಿದ್ಯಾರ್ಥಿಗಳಿಗೆ ದತ್ತಿ ಬಹುಮಾನ: ಅಂಕಪಟ್ಟಿ ನೋಡಿ ಕೊಡಬೇಕೇ, ಸಂಶೋಧನೆ ನೋಡಿ ಕೊಡಬೇಕೇ?

ಪ್ರಶ್ನೆ: ಪದವಿ ಕಾಲೇಜಿನ ಉಪನ್ಯಾಸಕಿ

ಎಲ್ಲರಿಗೂ ನಮಸ್ಕಾರ. ನಾನು ಜಿಲ್ಲಾ ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತೇನೆ. ನಮ್ಮ ವಿಭಾಗದಲ್ಲಿ ಇಬ್ಬರು ಕಾಯಂ ಉಪನ್ಯಾಸಕರು, ಒಬ್ಬರು ಅತಿಥಿ ಉಪನ್ಯಾಸಕರು ಇದ್ದೇವೆ. ಅಂತಿಮ ವರ್ಷದಲ್ಲಿ ಸುಮಾರು ನಲವತ್ತು ಮಕ್ಕಳಿದ್ದಾರೆ. ಎರಡು ವರ್ಷಗಳ ಹಿಂದೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ನಿವೃತ್ತಿಯ ಹಣದಲ್ಲಿ 3 ಲಕ್ಷ ರೂಪಾಯಿಯನ್ನು ಠೇವಣಿ ಇರಿಸಿ, ಅದರ ಬಡ್ಡಿಯಿಂದ ಪ್ರತಿವರ್ಷ ‘ಓದಿನಲ್ಲಿಯೂ ಸಂಶೋಧನೆಯಲ್ಲಿಯೂ ಮುಂದಿರುವ ಮನಃಶಾಸ್ತ್ರದ ವಿದ್ಯಾರ್ಥಿಗೆ’ ಬಹುಮಾನ ಕೊಡಬೇಕೆಂದು ದತ್ತಿ ಪತ್ರದಲ್ಲಿ ಬರೆದುಕೊಟ್ಟರು. ಓದಿನಲ್ಲಿ ಒಬ್ಬರು, ಸಂಶೋಧನೆಯಲ್ಲಿ ಇನ್ನೊಬ್ಬರು ಮುಂದಿದ್ದರೆ ಏನು ಮಾಡಬೇಕೆಂಬುದನ್ನು ಆ ಪತ್ರ ಹೇಳುವುದಿಲ್ಲ.

ಕಳೆದ ವರ್ಷ ಮೊದಲ ಬಾರಿಗೆ ಬಹುಮಾನ ಕೊಟ್ಟೆವು. ಎಲ್ಲ ಸೆಮಿಸ್ಟರ್‌ಗಳ ಅಂಕ ಕೂಡಿಸಿ, ಮೊದಲ ಸ್ಥಾನದಲ್ಲಿದ್ದ ವಿದ್ಯಾರ್ಥಿನಿಯನ್ನು ವೇದಿಕೆಗೆ ಕರೆದೆವು. ಆಕೆ ಅರ್ಹಳೇ, ಆ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅದೇ ತರಗತಿಯ ಇನ್ನೊಬ್ಬ ವಿದ್ಯಾರ್ಥಿ ಮಾಡಿದ ಕೆಲಸ ಇಂದಿಗೂ ನನ್ನ ತಲೆಯಿಂದ ಹೋಗಿಲ್ಲ. ರಾತ್ರಿ ಪಾಳಿಯ ಬಸ್ ಚಾಲಕರ ಪ್ರತಿಕ್ರಿಯಾ ಕಾಲ ಪಾಳಿಯ ಮೊದಲು ಮತ್ತು ನಂತರ ಬದಲಾಗುತ್ತದೆಯೇ ಎಂಬುದು ಅವನ ಪ್ರಶ್ನೆಯಾಗಿತ್ತು. ಪ್ರಯೋಗಾಲಯದಲ್ಲಿದ್ದ ಪ್ರತಿಕ್ರಿಯಾ ಕಾಲ ಅಳೆಯುವ ಯಂತ್ರ ಕೆಟ್ಟು ವರ್ಷಗಳಾಗಿದ್ದುದರಿಂದ ಅವನು ಮೂವತ್ತು ಸೆಂಟಿಮೀಟರ್‌ನ ಸ್ಕೇಲನ್ನು ಮೇಲಿನಿಂದ ಬಿಟ್ಟು, ಚಾಲಕರು ಎಷ್ಟನೇ ಸೆಂಟಿಮೀಟರ್‌ನಲ್ಲಿ ಹಿಡಿಯುತ್ತಾರೆಂದು ನೋಡಿ ಕಾಲವನ್ನು ಲೆಕ್ಕ ಹಾಕಿದ. ಬೆಳಗಿನ ಜಾವ ನಾಲ್ಕು ಗಂಟೆಗೆ ಡಿಪೊಗೆ ಹೋಗಿ, ಒಂಬತ್ತು ದಿನಗಳಲ್ಲಿ 24 ಚಾಲಕರನ್ನು ಪರೀಕ್ಷಿಸಿದ. ಕೊನೆಗೆ ಎರಡು ಸರಾಸರಿಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ‘ನನ್ನ ಊಹೆಗೆ ಆಧಾರ ದೊರೆಯಲಿಲ್ಲ’ ಎಂದು ಹಾಗೆಯೇ ಬರೆದ. ಪ್ರಾಜೆಕ್ಟಿಗೆ ನೂರಕ್ಕೆ 61 ಅಂಕ ಬಂತು. ‘ಫಲಿತಾಂಶವೇ ಬಂದಿಲ್ಲವಲ್ಲ’ ಎಂಬುದು ವೈವಾದಲ್ಲಿ ಕೇಳಿಬಂದ ಮಾತು.

ಈ ವರ್ಷದ ಆಯ್ಕೆ ಫೆಬ್ರುವರಿಯೊಳಗೆ ಆಗಬೇಕು. ಅಂಕಕ್ಕೂ ಸಂಶೋಧನೆಗೂ ಬೇರೆ ಬೇರೆ ಬಹುಮಾನ ಇಡಬೇಕೇ? ಪದವಿ ಹಂತದ ಸಂಶೋಧನೆಯನ್ನು ಯಾವ ಮಾನದಂಡದಿಂದ ಅಳೆಯುವುದು ನ್ಯಾಯ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ನಿವೃತ್ತ ಪ್ರಾಧ್ಯಾಪಕ

ಮೇಡಂ, ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇದೇ ವಿಷಯ ಕಲಿಸಿದವನು. ಪದಕಗಳ ಆಯ್ಕೆ ಸಮಿತಿಗಳಲ್ಲಿಯೂ ಕುಳಿತಿದ್ದೇನೆ. ನಮ್ಮ ವಿಶ್ವವಿದ್ಯಾನಿಲಯಗಳ ದತ್ತಿ ಪದಕಗಳಲ್ಲಿ ಹೆಚ್ಚಿನವು ಅಂಕಪಟ್ಟಿಯ ಮೊದಲ ಸಾಲನ್ನು ನೋಡಿ ಕೊಡುವಂಥವು. ಸಮಿತಿಗೆ ಅದು ಸಲೀಸು, ಯಾರೂ ತಕರಾರು ತೆಗೆಯುವುದಿಲ್ಲ. ಒಬ್ಬಳೇ ಹುಡುಗಿ ಘಟಿಕೋತ್ಸವದಲ್ಲಿ ಕೊರಳು ಬಾಗುವಷ್ಟು ಪದಕ ಹಾಕಿಕೊಂಡು ನಿಂತ ಚಿತ್ರ ಪ್ರತಿವರ್ಷ ಪತ್ರಿಕೆಯಲ್ಲಿ ಬರುವುದೂ ಈ ಕಾರಣದಿಂದಲೇ: ಹತ್ತು ದಾನಿಗಳ ಹತ್ತು ಪದಕಗಳು ಅಳೆಯುತ್ತಿರುವುದು ಒಂದೇ ಸಂಗತಿಯನ್ನು.

ಇದರಲ್ಲಿ ಮನಃಶಾಸ್ತ್ರದವರಾದ ನಮಗೆ ಆಶ್ಚರ್ಯವಾಗಬಾರದು. ಶಾಲಾ ಮಕ್ಕಳು ಒಂದು ವಿಷಯದಲ್ಲಿ ಪಡೆಯುವ ಸ್ಥಾನಕ್ಕೂ ಇನ್ನೊಂದರಲ್ಲಿ ಪಡೆಯುವ ಸ್ಥಾನಕ್ಕೂ ಸಹಸಂಬಂಧವಿರುತ್ತದೆ ಎಂಬುದನ್ನು ಇಂಗ್ಲಿಷ್ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿಯೇ ತೋರಿಸಿ, ಅದರಿಂದ ಸಾಮಾನ್ಯ ಬುದ್ಧಿಶಕ್ತಿಯ ಕಲ್ಪನೆಯನ್ನು ಕಟ್ಟಿದರು. ಲಂಡನ್ನಿನಲ್ಲಿ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರೇ 1924ರಲ್ಲಿ ಮೈಸೂರಿನಲ್ಲಿ ನಮ್ಮ ವಿಷಯದ ವಿಭಾಗವನ್ನು ಆರಂಭಿಸಿದವರು. (1935ರಲ್ಲಿ ಮೈಸೂರಿನ ಆಕಾಶವಾಣಿಯನ್ನು ಶುರುಮಾಡಿದವರೂ ಇವರೇ ಎಂಬುದನ್ನು ಮಕ್ಕಳಿಗೆ ಹೇಳಿದರೆ ಈಗಲೂ ನಂಬುವುದಿಲ್ಲ.) ನಾನು ಹೇಳಬಯಸುವುದು ಇಷ್ಟೇ: ಅಂಕದಲ್ಲಿ ಮುಂದಿರುವವರನ್ನು ವಿಶ್ವವಿದ್ಯಾನಿಲಯ ಆಗಲೇ ಗುರುತಿಸಿರುತ್ತದೆ. ನಿಮ್ಮ ಬಹುಮಾನವೂ ಅದನ್ನೇ ಗುರುತಿಸಿದರೆ ಹೊಸದೇನನ್ನೂ ಹೇಳಿದಂತಾಗದು. ಆದ್ದರಿಂದ ಬೇರೆ ಬೇರೆ ಮಾಡಿ. ದತ್ತಿ ಪತ್ರದ ‘ಓದಿನಲ್ಲಿಯೂ’ ಎಂಬ ಮಾತಿಗೆ, ಯಾವ ಪತ್ರಿಕೆಯಲ್ಲಿಯೂ ಅನುತ್ತೀರ್ಣರಾಗಿರಬಾರದು, ಒಟ್ಟು ಪ್ರಥಮ ದರ್ಜೆ ಇರಬೇಕು ಎಂಬ ಒಂದು ಹೊಸ್ತಿಲು ಇಟ್ಟರೆ ಸಾಕು. ಹೊಸ್ತಿಲು ದಾಟಿದ ಮೇಲೆ ಅಂಕಪಟ್ಟಿಯನ್ನು ಮಡಚಿಡಿ.

ಸಂಶೋಧನೆಯನ್ನು ಅಳೆಯುವಾಗ ಅಚ್ಚುಕಟ್ಟಾಗಿ ಬೈಂಡ್ ಮಾಡಿಸಿದ ವರದಿಗಿಂತ ಮೊದಲು ಕಚ್ಚಾ ಪುಸ್ತಕ ತರಿಸಿಕೊಳ್ಳಿ. ನಮ್ಮ ಪ್ರಾಯೋಗಿಕ ತರಗತಿಗಳ ದೊಡ್ಡ ಕಾಯಿಲೆ ನಿಮಗೂ ಗೊತ್ತು: ಕನ್ನಡಿ ನೋಡಿ ನಕ್ಷತ್ರ ಬಿಡಿಸುವ ಪ್ರಯೋಗವಿರಲಿ, ಒಂದೇ ಉದ್ದದ ಗೆರೆಗಳು ಬೇರೆ ಬೇರೆ ಉದ್ದದವಾಗಿ ಕಾಣುವ ಮುಲ್ಲರ್-ಲಯರ್ ಭ್ರಮೆಯದಿರಲಿ, ಹಿಂದಿನ ವರ್ಷದವರ ರೆಕಾರ್ಡ್ ನೋಡಿ ‘ಬರಬೇಕಾದ’ ಅಂಕಿಗಳನ್ನು ತುಂಬುವುದು. ಸುಳ್ಳು ದತ್ತಾಂಶ ಯಾವಾಗಲೂ ಚೆಂದವಾಗಿರುತ್ತದೆ. ಹತ್ತನೇ ಪ್ರಯತ್ನದವರೆಗೆ ತಪ್ಪುಗಳು ಮೆಟ್ಟಿಲಿಳಿದಂತೆ ಇಳಿಯುತ್ತವೆ. ನಿಜವಾಗಿ ಮಾಡಿದವರ ಪುಸ್ತಕದಲ್ಲಿ ಆರನೇ ಪ್ರಯತ್ನದಲ್ಲಿ ತಪ್ಪು ದಿಢೀರನೆ ಹೆಚ್ಚಿ, ಪಕ್ಕದಲ್ಲಿ ‘ಫೋನ್ ಬಂತು’ ಎಂದು ಬರೆದಿರುತ್ತದೆ.

ಇನ್ನೊಂದು ಮಾತು. ಮೌಲ್ಯಮಾಪಕರು ಇಬ್ಬರಿರಲಿ, ಒಬ್ಬರು ಹೊರಗಿನವರಾಗಿರಲಿ, ಇಬ್ಬರೂ ಬೇರೆ ಬೇರೆಯಾಗಿ ಅಂಕ ಹಾಕಲಿ, ವಿದ್ಯಾರ್ಥಿಯ ಹೆಸರಾಗಲಿ ಪರೀಕ್ಷೆಯ ಅಂಕವಾಗಲಿ ಅವರಿಗೆ ತಿಳಿಯದಿರಲಿ. ಅಮೆರಿಕದ ಮನಃಶಾಸ್ತ್ರಜ್ಞ ಥಾರ್ನ್‌ಡೈಕ್ 1920ರಲ್ಲಿ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಶ್ರೇಣಿಗಳನ್ನು ಪರಿಶೀಲಿಸಿದಾಗ, ಮೈಕಟ್ಟು ಚೆನ್ನಾಗಿದೆ ಎಂದವನ ಬುದ್ಧಿಗೂ ನಡತೆಗೂ ಮೇಲಿನ ಶ್ರೇಣಿಯೇ ಬಿದ್ದಿತ್ತು. ಅದನ್ನೇ ಪ್ರಭಾವಳಿ ಪರಿಣಾಮವೆಂದು ನಾವು ಪಾಠ ಮಾಡುತ್ತೇವೆ. ಸಮಿತಿಯ ಕುರ್ಚಿಯಲ್ಲಿ ಕುಳಿತ ಕೂಡಲೇ ಮರೆಯುತ್ತೇವೆ.

ಉತ್ತರ 2: ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಬೋಧಿಸುವವರು

ಇಲ್ಲಿನ ಕ್ರಮವನ್ನು ಸ್ವಲ್ಪ ವಿವರಿಸುತ್ತೇನೆ. ಅದನ್ನು ಹಾಗೆಯೇ ಅನುಸರಿಸಬೇಕೆಂದಲ್ಲ. ಮನಃಶಾಸ್ತ್ರದ ವಿದ್ಯಾರ್ಥಿಗಳಿಗೆಂದೇ ‘ಸೈ ಕೈ’ ಎಂಬ ಗೌರವ ಸಂಘವಿದೆ. 1929ರಲ್ಲಿ ಯೇಲ್‌ನಲ್ಲಿ ಅಂತರರಾಷ್ಟ್ರೀಯ ಮನಃಶಾಸ್ತ್ರ ಸಮ್ಮೇಳನ ನಡೆದ ಸಂದರ್ಭದಲ್ಲಿ ಅದು ಸ್ಥಾಪನೆಯಾಯಿತು. ಪದವಿ ವಿದ್ಯಾರ್ಥಿಗಳಿಗೆ ಅದರ ಸದಸ್ಯತ್ವ ಸಿಗಬೇಕಾದರೆ ಮೂರು ಸೆಮಿಸ್ಟರ್ ಮುಗಿಸಿ, ವಿಷಯದಲ್ಲಿ ನಿಗದಿತ ಕ್ರೆಡಿಟ್ ಪೂರೈಸಿ, ತರಗತಿಯ ಮೇಲಿನ ಶೇ 35ರೊಳಗೆ ಇರಬೇಕು. ಗಮನಿಸಬೇಕಾದದ್ದೇನೆಂದರೆ, ಇಲ್ಲಿ ಗೆದ್ದವರು ಒಬ್ಬರೇ ಅಲ್ಲ. ಗೆರೆ ದಾಟಿದವರೆಲ್ಲರೂ ಒಳಗೆ ಬರುತ್ತಾರೆ. ಸಂಶೋಧನೆಯ ಗೌರವ ಬೇರೆಯೇ: ವಿದ್ಯಾರ್ಥಿ ಒಂದು ವರ್ಷ ಅಧ್ಯಾಪಕರೊಬ್ಬರ ಜೊತೆ ದುಡಿದು ಪ್ರೌಢ ಪ್ರಬಂಧ ಬರೆಯುತ್ತಾನೆ ಮತ್ತು ದತ್ತಾಂಶ ಸಂಗ್ರಹಿಸುವ ಮೊದಲೇ ಯೋಜನೆಯನ್ನು ಸಮಿತಿಯ ಮುಂದಿಟ್ಟು ಒಪ್ಪಿಗೆ ಪಡೆಯುತ್ತಾನೆ.

ನಿಮ್ಮ ಡಿಪೊ ಹುಡುಗನ ವಿಷಯಕ್ಕೆ ಈ ಕೊನೆಯ ಅಂಶ ಮುಖ್ಯ. ನಮ್ಮ ವಿಷಯದ 100 ಪ್ರಕಟಿತ ಅಧ್ಯಯನಗಳನ್ನು ಹಲವು ದೇಶಗಳ ಸಂಶೋಧಕರು ಸೇರಿ ಮತ್ತೊಮ್ಮೆ ಮಾಡಿ ನೋಡಿ 2015ರಲ್ಲಿ ವರದಿ ಮಾಡಿದರು. ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಾರ್ಥಕ (ಅಂದರೆ ಬರೀ ಆಕಸ್ಮಿಕವೆಂದು ತಳ್ಳಿಹಾಕಲಾಗದ) ಫಲಿತಾಂಶ ಹೇಳಿದ್ದವು. ಮರುಪ್ರಯೋಗದಲ್ಲಿ ಹಾಗೆ ಉಳಿದದ್ದು ಶೇ 36. ‘ಫಲಿತಾಂಶ ಬಂದರೆ ಮಾತ್ರ ಬಹುಮಾನ’ ಎಂಬ ರೂಢಿ ದೊಡ್ಡವರನ್ನೇ ಎಲ್ಲಿಗೆ ಕೊಂಡೊಯ್ದಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಒಟ್ಟು ಅಂಕದಲ್ಲಿ ಅರ್ಧವನ್ನು ಯೋಜನೆಯ ಹಂತದಲ್ಲಿಯೇ, ಅಂದರೆ ಫಲಿತಾಂಶ ಯಾರಿಗೂ ಗೊತ್ತಿಲ್ಲದಿರುವಾಗಲೇ, ಹಾಕಿಬಿಡಿ.

ಆದರೂ ಆ ಹುಡುಗನ ಅಧ್ಯಯನದಲ್ಲಿ ಕೊರತೆಯೇ ಇಲ್ಲವೆಂದು ಹೇಳಲಾರೆ. ಸ್ಕೇಲ್ ಇಪ್ಪತ್ತು ಸೆಂಟಿಮೀಟರ್ ಬೀಳಲು ಸುಮಾರು 0.2 ಸೆಕೆಂಡ್ ಬೇಕು. ಆ ಜಾಗದಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವೆಂದರೆ ಸುಮಾರು 5 ಮಿಲಿಸೆಕೆಂಡ್. ಅಳತೆ ಸೂಕ್ಷ್ಮವಾಗಿಯೇ ಇದೆ, ಆದರೆ ಸ್ಕೇಲ್ ಬಿಡುವವನ ಕೈ ಅಲುಗಿದರೂ ಚಾಲಕನಿಗೆ ಸುಳಿವು ಸಿಗುತ್ತದೆ. 24 ಜನರಲ್ಲಿ ಸಣ್ಣ ವ್ಯತ್ಯಾಸವೊಂದು ಕಣ್ಣಿಗೆ ಬೀಳದೆ ಹೋಗುವುದೂ ಸಾಧ್ಯ. ವ್ಯತ್ಯಾಸ ಸಿಗಲಿಲ್ಲ ಎಂಬುದಕ್ಕೂ ವ್ಯತ್ಯಾಸವಿಲ್ಲ ಎಂಬುದಕ್ಕೂ ಇರುವ ಅಂತರ ಅವನಿಗೆ ಗೊತ್ತಿತ್ತೇ? ವೈವಾದಲ್ಲಿ ಕೇಳಬೇಕಾಗಿದ್ದ ಪ್ರಶ್ನೆ ಅದು.

ಇಲ್ಲಿನ ವ್ಯವಸ್ಥೆಯ ಒಂದು ದೋಷವನ್ನೂ ಹೇಳಬೇಕು. ಸಂಬಳವಿಲ್ಲದೆ ಪ್ರಯೋಗಾಲಯದಲ್ಲಿ ದುಡಿಯಲು ಬಿಡುವಿರುವವರಿಗೇ ಸಂಶೋಧನೆಯ ಗೌರವಗಳು ಹೆಚ್ಚಾಗಿ ದಕ್ಕುತ್ತವೆ. ಸಂಜೆ ಅಂಗಡಿಯಲ್ಲಿ ಕೆಲಸ ಮಾಡಿ ಶುಲ್ಕ ಕಟ್ಟುವ ಹುಡುಗಿ ಸ್ಪರ್ಧೆಗೇ ಬರುವುದಿಲ್ಲ. ನಿಮ್ಮ ಬಡ್ಡಿಯ ಒಂದು ಪಾಲನ್ನು ಬಹುಮಾನಕ್ಕೆ ಬದಲು ಮುಂಗಡವಾಗಿ ಜೆರಾಕ್ಸ್, ಬಸ್ ಚಾರ್ಜಿಗೆಂದು ಕೊಡಲು ಸಾಧ್ಯವೇ ಎಂದು ಯೋಚಿಸಿ.

ಉತ್ತರ 3: ಅತಿಥಿ ಉಪನ್ಯಾಸಕಿ

ಮೇಲಿನ ಇಬ್ಬರೂ ಹಿರಿಯರು ಭಾಷೆಯ ವಿಷಯವನ್ನು ಮುಟ್ಟಲಿಲ್ಲ. ನಮ್ಮಂಥ ಕಾಲೇಜುಗಳಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಪ್ರಾಜೆಕ್ಟ್ ಮಾಡುವಾಗ ಆತಂಕ, ಒಂಟಿತನ, ಆತ್ಮಗೌರವ ಅಳೆಯುವ ಮಾಪನಗಳು ಕೈಗೆ ಸಿಗುವುದು ಇಂಗ್ಲಿಷಿನಲ್ಲಿ. ಮಾಪನವನ್ನು ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ, ಎರಡನ್ನೂ ತಾಳೆ ನೋಡುವುದೇ ಒಂದು ಸಂಶೋಧನೆ. ನನ್ನ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಾವಳಿಯೊಂದರ ‘ಡೌನ್’ ಎಂಬ ಒಂದು ಪದದ ಮೇಲೆ ಹದಿನೈದು ದಿನ ಕಳೆದಳು. ‘ಕುಗ್ಗಿದ್ದೇನೆ’ ಎಂದರೆ ಅವಳ ಅಜ್ಜಿಗೆ ವಯಸ್ಸಾಗಿ ಮೈ ಕುಗ್ಗಿದಂತೆ ಕೇಳಿಸಿತಂತೆ. ‘ಮನಸ್ಸಿಗೆ ಬೇಜಾರು’ ಎಂದರೆ ಎಲ್ಲರೂ ಹೌದು ಎನ್ನುತ್ತಿದ್ದರಂತೆ. ಇಂಥ ಕೆಲಸ ವರದಿಯಲ್ಲಿ ಅರ್ಧ ಪುಟವಾಗಿ ಮುಗಿದುಹೋಗುತ್ತದೆ, ಅಂಕ ಹಾಕುವವರ ಕಣ್ಣಿಗೆ ಬೀಳುವುದಿಲ್ಲ. ಮಾನದಂಡದಲ್ಲಿ ಇದಕ್ಕೊಂದು ಸಾಲು ಇರಲಿ. ಕನ್ನಡದಲ್ಲಿ ಬರೆದ ವರದಿಯನ್ನು ಓದಬಲ್ಲ ಹೊರಗಿನ ಮೌಲ್ಯಮಾಪಕರನ್ನೇ ಕರೆಯಿರಿ.

ಸಮ್ಮತಿ ಪತ್ರದ ಬಗ್ಗೆಯೂ ಕಟ್ಟುನಿಟ್ಟಾಗಿರಬೇಕು. ಹದಿನೆಂಟು ತುಂಬದ ಪಿಯುಸಿ ಮಕ್ಕಳಿಗೆ ಪೋಷಕರ ಒಪ್ಪಿಗೆಯಿಲ್ಲದೆ ಖಿನ್ನತೆಯ ಪ್ರಶ್ನಾವಳಿ ಹಂಚಿದ ಪ್ರಾಜೆಕ್ಟ್‌ಗಳನ್ನು ನಾನು ನೋಡಿದ್ದೇನೆ. ಅಂಥದ್ದು ಎಷ್ಟೇ ಚೆನ್ನಾಗಿದ್ದರೂ ಬಹುಮಾನದ ಪಟ್ಟಿಗೆ ಬರಕೂಡದು. ಹಣ ಕಟ್ಟಿ ಯಾವುದೋ ಪತ್ರಿಕೆಯಲ್ಲಿ ಅಚ್ಚಾದ ‘ಅಂತರರಾಷ್ಟ್ರೀಯ ಪ್ರಕಟಣೆ’ಗೂ ಒಂದೇ ಒಂದು ಅಂಕ ಹೆಚ್ಚು ಸಿಗಬಾರದು.

ಹಿರಿಯರ ಮಾತಿನಲ್ಲಿ ನನಗೆ ಒಪ್ಪಿಗೆಯಾಗದ ಒಂದು ಅಂಶವಿದೆ. ‘ಅಂಕಪಟ್ಟಿಯನ್ನು ಮಡಚಿಡಿ’ ಎನ್ನುವಾಗ ಅಂಕ ಗಳಿಸುವವರು ಬರೀ ಉರುಹೊಡೆಯುವವರು ಎಂಬ ಧ್ವನಿ ಬರುತ್ತದೆ. ಮನೆಗೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ತೆರೆದು ಓದಿ ಮೊದಲ ಸ್ಥಾನ ಪಡೆದವಳಿಗೆ ಆ ವೇದಿಕೆ ಬದುಕಿನಲ್ಲಿ ಸಿಕ್ಕ ಮೊದಲ ವೇದಿಕೆಯಾಗಿರಬಹುದು. ಅವಳಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದು ಬೇಡ.

ಉತ್ತರ 4: ನಿವೃತ್ತ ಪ್ರಾಧ್ಯಾಪಕ (ಮತ್ತೊಮ್ಮೆ)

ಅತಿಥಿ ಉಪನ್ಯಾಸಕಿಯವರ ಆಕ್ಷೇಪ ಸರಿ; ನನ್ನ ಮಾತು ಸ್ವಲ್ಪ ಒರಟಾಯಿತು. ಅಂಕದ ಬಹುಮಾನ ಇರಲಿ, ಸಂಶೋಧನೆಯದು ಪ್ರತ್ಯೇಕವಾಗಿರಲಿ ಎಂದು ತಿದ್ದಿಕೊಳ್ಳುತ್ತೇನೆ.

ಬಹುಮಾನವನ್ನು ಮೊದಲೇ ಘೋಷಿಸಿದರೆ ಮಕ್ಕಳು ಬಹುಮಾನಕ್ಕಾಗಿಯೇ ಸಂಶೋಧನೆ ಮಾಡುವುದಿಲ್ಲವೇ ಎಂದು ಸಹೋದ್ಯೋಗಿಯೊಬ್ಬರು ನನ್ನನ್ನು ಖಾಸಗಿಯಾಗಿ ಕೇಳಿದರು. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಮಾಡಿದ ಅಧ್ಯಯನ ಅವರ ಮನಸ್ಸಿನಲ್ಲಿದೆ: ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ಪ್ರಶಸ್ತಿ ಪತ್ರದ ಆಸೆ ತೋರಿಸಿ ಬಿಡಿಸಲು ಹೇಳಿದರೆ, ಆಮೇಲೆ ಅವರು ತಾವಾಗಿಯೇ ಚಿತ್ರ ಬಿಡಿಸುವುದು ಕಡಿಮೆಯಾಯಿತು, ಹೇಳದೆ ಕೊಟ್ಟಾಗ ಹಾಗಾಗಲಿಲ್ಲ. ಶಿಶುವಿಹಾರದ್ದನ್ನು ಪದವಿ ತರಗತಿಗೆ ನೇರವಾಗಿ ತರಲಾಗದು. ನಿಯಮಗಳನ್ನು ಗುಟ್ಟಾಗಿಟ್ಟರೆ ಪಕ್ಷಪಾತದ ಆರೋಪ ಬರುವುದಂತೂ ಖಂಡಿತ. ಮೆಚ್ಚುಗೆಯ ಮಾತು ಒಳಗಿನ ಆಸಕ್ತಿಯನ್ನು ಕುಗ್ಗಿಸುವುದಿಲ್ಲವೆಂದು 1971ರಲ್ಲಿ ಡೆಸಿ ತೋರಿಸಿದ್ದರು. ಆದ್ದರಿಂದ ಹಣದ ಜೊತೆಗೆ, ಈ ಕೆಲಸದಲ್ಲಿ ಏನು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ ಎಂದು ಮೌಲ್ಯಮಾಪಕರು ಅರ್ಧ ಪುಟ ಬರೆದುಕೊಡಲಿ. ಅದನ್ನು ವೇದಿಕೆಯಲ್ಲಿ ಓದಲಿ. ಗೆಲ್ಲದವರಿಗೂ ಅಂಥದೊಂದು ಟಿಪ್ಪಣಿ ಸಿಗಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ದಾನಿಗಳಿಗೆ ಫೋನ್ ಮಾಡಿ ನಿಮ್ಮ ಮಾತುಗಳನ್ನೆಲ್ಲ ಓದಿ ಹೇಳಿದೆ. ವರ್ಷಕ್ಕೆ ಸುಮಾರು ಇಪ್ಪತ್ತು ಸಾವಿರ ಬಡ್ಡಿಯಲ್ಲಿ ಅಂಕಕ್ಕೆ 7 ಸಾವಿರ, ಸಂಶೋಧನೆಗೆ 7 ಸಾವಿರ, ಉಳಿದದ್ದು ಪ್ರಾಜೆಕ್ಟ್ ಖರ್ಚಿಗೆ ಮುಂಗಡ ಎಂದು ಅವರು ಒಪ್ಪಿದ್ದಾರೆ. ದತ್ತಿ ಪತ್ರಕ್ಕೆ ತಿದ್ದುಪಡಿ ಬರೆದುಕೊಡುತ್ತಾರಂತೆ. ಯೋಜನೆಯ ಹಂತದಲ್ಲಿಯೇ ಅರ್ಧ ಅಂಕ ಹಾಕುವುದು ಈ ವರ್ಷ ಆಗುವುದಿಲ್ಲ, ಮಕ್ಕಳು ಆಗಲೇ ದತ್ತಾಂಶ ಸಂಗ್ರಹಿಸಿ ಆಗಿದೆ. ಹೆಸರು ಮುಚ್ಚಿಡುವುದು ನಲವತ್ತು ಮಕ್ಕಳ ವಿಭಾಗದಲ್ಲಿ ನಮಗಂತೂ ಅಸಾಧ್ಯ, ಕೈಬರಹವೇ ಹೇಳಿಬಿಡುತ್ತದೆ. ಹೊರಗಿನವರ ಮಟ್ಟಿಗೆ ಮಾಡಬಹುದು.

ಅಮೆರಿಕದ ಸರ್ ಕೇಳಿದ ಪ್ರಶ್ನೆಯನ್ನು ಆ ಹುಡುಗನಿಗೇ ಕಳಿಸಿದ್ದೆ. ಉತ್ತರದ ಬದಲು ಅವನು ತನ್ನ ಕಚ್ಚಾ ಪುಸ್ತಕದ ಒಂದು ಪುಟದ ಚಿತ್ರ ಕಳಿಸಿದ. ಪಾಳಿ ಮುಗಿಸಿ ಬಂದ ಹದಿನಾಲ್ಕನೇ ಚಾಲಕರ ಅಂಕಿಗಳ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಹೀಗೆ ಬರೆದಿತ್ತು: ‘ಇವರೂ ಟೀ ಕುಡಿದೇ ಬಂದರು. ಇಳಿದ ಕೂಡಲೇ ಎಲ್ಲರೂ ಕ್ಯಾಂಟೀನಿಗೆ ಹೋಗುತ್ತಾರೆ. ನಾನು ಅಳೆಯುತ್ತಿರುವುದು ನಿದ್ದೆಯನ್ನೋ ಟೀಯನ್ನೋ?’ ವರದಿಯನ್ನು ಬೈಂಡ್ ಮಾಡಿಸುವಾಗ ಈ ಸಾಲು ಬಿಟ್ಟುಹೋಗಿದೆ. ಬಿಡಿಸಿದ್ದು ನಾನೇ, ‘ಇಂಥದ್ದೆಲ್ಲ ವರದಿಯಲ್ಲಿ ಬೇಡ’ ಎಂದು.