ಹಳೇ ಯಮಹಾ ಆರ್15 ಬೈಕ್ ತಗೊಳ್ಳೋದಾ, ಬ್ಯಾಡಾ? ನಮ್ಮ ಕಡೆ ಓಡಿಸಿದವ್ರು ಹೇಳ್ರಿ

ಕಾರಟಗಿ ಹುಡುಗ:
ಎಲ್ಲಾರಿಗೂ ನಮಸ್ಕಾರ ರೀ. ಹೊಸಪೇಟಿಯೊಳಗ ಒಂದು ಆರ್15 ವಿ3 (ಮೂರನೇ ವರ್ಷನ್) ನೋಡೀನಿ. 2019ರ ಮಾಡೆಲ್, ಕೆಎ 35 ಪಾಸಿಂಗ್, 31,000 ಓಡೇತಿ. ಒಂದು ಲಕ್ಷ ಐದು ಸಾವಿರ ಹೇಳಾಕತ್ಯಾರ. ಸೈಲೆನ್ಸರ್ ಬ್ಯಾರೆ ಹಾಕ್ಯಾರ, ಕನ್ನಡಿ ಬಾರ್ ಎಂಡಿಗೆ ಹಾಕ್ಯಾರ, ಹಿಂದಿನ ಮಡ್‌ಗಾರ್ಡ್ ಬಿಚ್ಚಿ ನಂಬರ್ ಪ್ಲೇಟ್ ಸಣ್ಣದು ಮಾಡ್ಯಾರ. ನಾ ಗಂಗಾವತಿ ರೈಸ್ ಮಿಲ್ಲಿನ್ಯಾಗ ಲೆಕ್ಕ ಬರಿಯಾಂವ, ದಿನಾ ಹೋಗಿಬರೋದೈತಿ. ಎತ್ತರ ಐದಡಿ ನಾಕಿಂಚು. ವಾರಕ್ಕೊಮ್ಮೆ ಅವ್ವನ್ನ ದವಾಖಾನಿಗೆ ಕರ್ಕೊಂಡು ಹೋಗಬೇಕು. ತಗೊಳ್ಳೋದಾ ಬ್ಯಾಡಾ?

ಕೌಲ್‌ಬಜಾರ್ 34:
ತಮ್ಮಾ, ನನ್ನ ಲೆಕ್ಕ ಕೇಳು. ನಂದೂ 2019ರ ವಿ3ನೇ, ಎಬಿಎಸ್ ಬ್ರೇಕ್ ಕಡ್ಡಾಯ ಆದ ವರ್ಷ ಹೊಸದು ತಗಂಡಿದ್ದು. ಜೀನ್ಸ್ ಯೂನಿಟ್‌ನಾಗೆ ಪೀಸ್ ಲೆಕ್ಕದಾಗೆ ಹೊಲಿದ ದುಡ್ಡು. ಅದರ ಮ್ಯಾಲೆ ಹಾಕಿದ್ದೆಲ್ಲಾ ಡೈರಿಯಾಗೆ ಬರ್ದಿಟ್ಟೀನಿ. ಬೆಂಡ್ ಪೈಪಿಂದ ಹಿಡಿದು ಪೂರ್ತಿ ಸೈಲೆನ್ಸರ್ ಸಿಸ್ಟಮ್ 14,500. ಹೈ ಫ್ಲೋ ಫಿಲ್ಟರ್ 3,800. ಫ್ಯೂಯಲ್ ಟ್ಯೂನರ್ ಪೆಟ್ಟಿಗೆ 9,000. ಗಾಡಿ ಮೈಗೆ ಅಂಟಿಸೋ ಮ್ಯಾಟ್ ಕಪ್ಪು ರ‍್ಯಾಪ್ 6,500. ಹಿಂದಿನ ಟೈರ್ 140 ತೆಗೆಸಿ 150 ಹಾಕ್ಸಿದ್ದು 7,200. ಲಿವರ್ ಜೋಡಿ 1,200, ವೈಸರ್ 900. ಒಟ್ಟು 43,100. ಮನ್ಯಾಗೆ ಹದಿನೆಂಟು ಸಾವ್ರ ಅಂತ ಹೇಳೀನಿ, ಇಲ್ಲಿ ನಮ್ಮನೆ ಕಡೆಯವ್ರು ಯಾರೂ ಇಲ್ಲ ಅನ್ಕಂತೀನಿ.

ಮೊದಲ್ನೇ ತಿಂಗ್ಳು ರಾಜ. ಆಕ್ಸಿಲರೇಟರ್ ಬಿಟ್ರೆ ಸಾಕು ಹಿಂದೆ ಪಟಪಟ ಪಟಾಕಿ. ಅದು ಪವರ್ ಅಲ್ಲ, ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಆಗಿ, ಒಳಗೆ ಸುಡದೆ ಉಳಿದಿದ್ದು ಪೈಪ್‌ನಾಗೆ ಸುಡೋ ಸದ್ದು ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಟ್ಯೂನರ್ ಪೆಟ್ಟಿಗೆ. ಆ ಪೆಟ್ಟಿಗೆ ಕೂರ್ಸಿದೋನು ಬೆಂಗ್ಳೂರಾಗೆ ಅವನೆ, ಫೋನ್ ಮಾಡಿದ್ರೆ ‘ಗಾಡಿ ತಗಂಡು ಬನ್ನಿ ಬ್ರೋ’ ಅಂತಾನೆ. ಮುನ್ನೂರು ಕಿಲೋಮೀಟರ್! ಮೈಲೇಜ್ 45 ಇದ್ದಿದ್ದು 36ಕ್ಕೆ ಬಂತು.

ಫಿಲ್ಟರ್ ಕತೆ ಬೇರೆ ಐತೆ. ನಾಕು ತಿಂಗ್ಳು ತೋರಣಗಲ್ಲು ಕಡೆ ಅದಿರು ಲಾರಿ ಹಿಂದೆ ಓಡ್ಸಿದೆ. ಆಮೇಲೆ ಒಂದಿನ ಬಾಕ್ಸ್ ಬಿಚ್ಚಿ, ಫಿಲ್ಟರ್ ದಾಟಿ ಇಂಜಿನ್ನಿಗೆ ಗಾಳಿ ಬಿಡೋ ಥ್ರಾಟಲ್ ಬಾಡಿಯೊಳಗೆ ಬೆರಳು ಹಾಕಿ ತೆಗೆದ್ರೆ ಕುಂಕುಮ. ದುರ್ಗಮ್ಮನ ಗುಡಿಯಾಗೆ ಕೊಟ್ಟಂಗೆ. ಕಂಪನಿ ಕೊಟ್ಟ ಸ್ಟಾಕ್ ಫಿಲ್ಟರ್ ಇದ್ದಾಗ ಒಂದು ದಿನಾನೂ ಹಂಗಾಗಿರ್ಲಿಲ್ಲ. ರ‍್ಯಾಪ್ ಒಂದೇ ಬ್ಯಾಸಿಗೆ ತಡೀತು. ಟ್ಯಾಂಕ್ ಅಂಚಿಗೆ ಎದ್ದು, ಕಿತ್ತರೆ ಒಳಗಿನ ಪಾಲಿಶ್ ಸಮೇತ ಬಂತು.

ಎಲ್ಲಾಕ್ಕಿಂತ ಹೊಟ್ಟೆ ಉರಿಯೋದು ಏನಂದ್ರೆ, ಹಳೇ ಸೈಲೆನ್ಸರ್ ಗುಜರಿಯೋನಿಗೆ 300 ರೂಪಾಯ್ಗೆ ಕೊಟ್ಟೆ. ಅದರೊಳಗೆ ಹೊಗೆ ಶುದ್ಧ ಮಾಡೋ ಕ್ಯಾಟ್ ಇರ್ತೈತೆ, ಪ್ಲಾಟಿನಂ ಜಾತಿ ಲೋಹ. ಅವ್ನಿಗೆ ಗೊತ್ತಿತ್ತು, ನನಗೆ ಗೊತ್ತಿರ್ಲಿಲ್ಲ. ಈಗ ಸರ್ಕಲ್‌ನಾಗೆ ಎರಡು ಸಲ ಹಿಡಿದ್ರು, ಸ್ಟಾಕ್ ಹಾಕ್ಸು ಅಂತಾರೆ.

ಆದ್ರೂ ಹೇಳ್ತೀನಿ. ಬೆಳಿಗ್ಗೆ ಆರಕ್ಕೆ ಸಂಡೂರು ಘಾಟ್‌ನಾಗೆ, ಲಾರಿ ಇಲ್ದಾಗ, ಮೂರನೇ ಗೇರ್‌ನಾಗೆ ಇಂಜಿನ್ 7,400 ಆರ್‌ಪಿಎಂ ದಾಟಿ ವಿವಿಎ (ಹೆಚ್ಚು ಗಾಳಿ ಒಳಗೆ ಬಿಡೋ ವಾಲ್ವ್ ವ್ಯವಸ್ಥೆ) ಬಿಚ್ಕಂಡು ದನಿ ಬದಲಾಗ್ತೈತಲ್ಲ... ಮಾರೋಕೆ ಮನಸ್ಸು ಬರಲ್ಲ.

ಶಕ್ತಿನಗರ ಆರ್‌ಎಸ್:
ಮೈಲೇಜ್ 36 ಬಂತು ಅಂತ ಅಳೋರು ಸ್ಪೋರ್ಟ್ಸ್ ಗಾಡಿ ಯಾಕ ತಗೋತೀರಿ? ಸ್ಪ್ಲೆಂಡರ್ ತಗೋರಿ, ಪುಣ್ಯ ಬರ್ತದ.

ನಂದು ಪಲ್ಸರ್ ಆರ್‌ಎಸ್200. ಪವರ್ 24.5 ಪಿಎಸ್, ಆರ್15ಕ್ಕಿಂತ ಐದು ಜಾಸ್ತಿ. ಒಂದು ನಟ್ಟೂ ಬದಲಿ ಮಾಡಿಲ್ಲ, ಆದರೂ ಹಾಳಾಗ್ಯದ. ಯಾಕಂತ ಕೇಳ್ರಿ. ರಾಯಚೂರು ಬಿಸಿಲು ಗೊತ್ತಲ್ಲ, ಮೇ ತಿಂಗಳದಾಗ ಸಿಗ್ನಲ್‌ನ್ಯಾಗ ನಿಂತ್ರ ಫ್ಯಾನ್ ಶುರು ಆಗ್ತದ, ಬಿಸಿ ಗಾಳಿ ಬಂದು ತೊಡಿಗೆ ಬಡಿತದ. ಇಂಜಿನ್ ತಂಪು ಮಾಡೋ ಕೂಲಂಟ್ ಡಬ್ಬಿಯೊಳಗ ಕೆಳಗಿನ ಗೀಟಿಗೆ ಬಂದಿತ್ತು. ಮನಿ ಬೋರಿನ ನೀರು ಹಾಕಿದೆ. ಒಂದು ಸಲ ಅಲ್ಲ, ಇಡೀ ಬ್ಯಾಸಗಿ. ನಮ್ಮ ಬೋರಿನ ನೀರು ಹೆಂಥಾದ್ದಂದ್ರ, ಗೀಜರ್ ರಾಡು ಆರು ತಿಂಗಳಿಗೆ ಸುಣ್ಣದ ಕಡ್ಡಿ ಆಗ್ತದ. ರೇಡಿಯೇಟರ್ ಒಳಗೂ ಅದೇ ಆಯ್ತು. ಸೆಪ್ಟೆಂಬರ್‌ದಾಗ ಲಿಂಗಸೂಗೂರು ರೋಡಿನ್ಯಾಗ ಟೆಂಪರೇಚರ್ ದೀಪ ಹತ್ತಿತು, ‘ಇನ್ನೇನು ಬಂತು ಊರು’ ಅಂತ ಒಂಬತ್ತು ಕಿಲೋಮೀಟರ್ ಓಡಿಸಿದೆ. ರೇಡಿಯೇಟರ್, ವಾಟರ್ ಪಂಪ್ ಸೀಲ್, ಹೆಡ್ ಗ್ಯಾಸ್ಕೆಟ್, ಲೇಬರ್ ಸೇರಿ 13,700. ಕೂಲಂಟ್ ಬಾಟ್ಲಿ ಮುನ್ನೂರೈವತ್ತಕ್ಕ ಸಿಗ್ತಿತ್ತು.

ಇಷ್ಟೇ ಹೇಳೋದು: ಮಾಡಿಫಿಕೇಶನ್ ರೊಕ್ಕ ತಗೊಂಡು ಮೇಂಟೆನೆನ್ಸಿಗೆ ಹಾಕ್ರಿ.

ಕೌಲ್‌ಬಜಾರ್ 34:
ರೇಡಿಯೇಟರ್‌ಗೆ ಬೋರ್ ನೀರು ಹಾಕಿದೋರು ನನಗೆ ಪಾಠ ಹೇಳ್ಬೇಡ್ರಿ ಸಾಮಿ. ದೀಪ ಹತ್ತಿದ ಮ್ಯಾಲೆ ಒಂಬತ್ತು ಕಿಲೋಮೀಟರ್! ನಂದು ಕಿಸೆ ಸುಟ್ಕಂತು, ನಿಮ್ದು ಇಂಜಿನ್ನು.

ಶಕ್ತಿನಗರ ಆರ್‌ಎಸ್:
ತಪ್ಪು ಒಪ್ಕೊಂಡೀನಿ. ನಿಮ್ಮಂಗ ಡೈರಿ ಬರ್ದು ಹೆಂಡ್ತಿಗೆ ಸುಳ್ಳು ಹೇಳಿಲ್ಲ.

ಸಿಂಧನೂರು ಟೂ ಸ್ಟ್ರೋಕ್:
ತಮ್ಮಗೋಳ್ರಾ, ಜಗಳ ಸಾಕು. 2008ರಾಗ ಮೊದಲನೇ ಆರ್15 ಬಂದಾಗ, 150 ಸಿಸಿಗೆ ರೇಡಿಯೇಟರ್ ಯಾಕಪ ಅಂತ ನಾವು ನಕ್ಕಿದ್ವಿ. ಈಗ ನೋಡ್ರಿ, ಆ ರೇಡಿಯೇಟರ್ ಸಲುವಾಗೇ ಬಡದಾಡಕತ್ತೀರಿ. ನನ್ನ ಹತ್ರ 1991ರ ಆರ್‌ಎಕ್ಸ್100 ಅದ. 98 ಸಿಸಿ. ಕೂಲಂಟ್ ಇಲ್ಲ, ಸೆನ್ಸರ್ ಇಲ್ಲ, ಬಿಚ್ಚಿದ್ರ ಅಂಗೈ ಮ್ಯಾಲ ಬರೋ ಕಾರ್ಬರೇಟರ್. ಗದ್ದಿ ಬದುವಿನ ಮ್ಯಾಲೂ ಹೋಗ್ತದ, ಎಪಿಎಂಸಿಗೂ ಹೋಗ್ತದ.

ಖರ್ಚು ಇಲ್ಲಂತಲ್ಲ. ಎರಡು ಸಲ ಇಂಜಿನ್ ಸಿಲಿಂಡರ್ ಬೋರ್ ಹೊಡಿಸೀನಿ. ಒರಿಜಿನಲ್ ಪಿಸ್ಟನ್ ಹುಡುಕಕ್ಕೇ ಹೈದರಾಬಾದಿಗೆ ಮೂರು ಸಲ ಹೋದೆ. ಮೂರನೇ ಸಲ ಸಿಕ್ಕಿದ್ದು ಡಬ್ಬಿ ಒರಿಜಿನಲ್ಲು, ಒಳಗಿನದು ಡೂಪ್ಲಿಕೇಟು. ಎಂಟು ನೂರು ಕಿಲೋಮೀಟರಿಗೆ ಇಂಜಿನ್ ಸೀಜ್. ಕ್ರೋಮ್ ಹೊಡೆಯೋನು ಸೈಲೆನ್ಸರ್ ತಗೊಂಡು ಹನ್ನೊಂದು ತಿಂಗಳು ಕೊಡಲಿಲ್ಲ. ಹದಿನೈದು ವರ್ಷ ಆದ ಮ್ಯಾಲ ಐದೈದು ವರ್ಷಕ್ಕ ಆರ್‌ಸಿ ರಿನೀವಲ್ ಬ್ಯಾರೆ. ಒಟ್ಟು ಅರವತ್ತೆಂಟು ಸಾವಿರ ಹಾಕೀನಿ. ಆದ್ರ ಮೊನ್ನೆ ಒಬ್ಬಾಂವ ಬಂದು ಒಂದೂವರಿ ಲಕ್ಷ ಕೊಡ್ತೀನಿ ಅಂದ. ಕೊಡಲಿಲ್ಲ. ಪ್ಲಾಸ್ಟಿಕ್ ಗಾಡಿ ಯಾವುದಕ್ಕಾದ್ರೂ ಹಿಂಗ ರೇಟು ಏರ್ತದೇನು?

ಶಕ್ತಿನಗರ ಆರ್‌ಎಸ್:
ಕಾಕಾ, ಎರಡೂ ಕಡೆ ಡ್ರಮ್ ಬ್ರೇಕ್ ಇಟ್ಕೊಂಡು ಸ್ಪೋರ್ಟ್ಸ್ ಅನ್ನಬ್ಯಾಡ್ರಿ. ನೆನಪು ಬ್ಯಾರೆ, ಗಾಡಿ ಬ್ಯಾರೆ.

ಸಿಂಧನೂರು ಟೂ ಸ್ಟ್ರೋಕ್:
ಬ್ರೇಕ್ ಹೊಡಿಯೋದು ಕಲ್ತವ್ರಿಗೆ ಡ್ರಮ್ಮೂ ಹಿಡಿತದ ತಮ್ಮಾ.

ಹೊಸಪೇಟೆ ಸ್ಟಾಕ್:
ಕಾನೂನು ಯಾರೂ ಹೇಳುತ್ತಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52: ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಒಂದೊಂದು ಬದಲಾವಣೆಗೆ 5,000 ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಕೌಲ್‌ಬಜಾರ್ ಅಣ್ಣನವರ ಡೈರಿಯ ಒಂದೊಂದು ಸಾಲಿಗೂ ಹಾಕುತ್ತಾ ಹೋಗಿ. ರ‍್ಯಾಪ್‌ನಿಂದ ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬರೆಸಬೇಕು, ಅದೂ ಮಾಡಿಸಿರಲಿಕ್ಕಿಲ್ಲ.

ನನ್ನದು ಜಿಕ್ಸರ್ ಎಸ್‌ಎಫ್. 54,000 ಕಿ.ಮೀ. ಒಂದು ಸ್ಟಿಕ್ಕರ್ ಕೂಡ ಅಂಟಿಸಿಲ್ಲ. ಶೋರೂಮಿನಲ್ಲಿ ಮೀಟರ್ ಮೇಲಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇದೆ. 500 ಕಿ.ಮೀ.ಗೊಮ್ಮೆ ಚೈನ್ ಸೀಮೆಎಣ್ಣೆಯಲ್ಲಿ ತೊಳೆದು ಲೂಬ್ ಹಾಕುತ್ತೇನೆ. ಮೊದಲ ಚೈನ್ ಕಿಟ್ 29,000 ಬಂತು. ಕೆಲವರು ಪೆಟ್ರೋಲಲ್ಲಿ ತೊಳೆಯುತ್ತಾರೆ, ಚೈನಿನ ರಬ್ಬರ್ ಓ ರಿಂಗ್ ಒಣಗಿ ಸಾಯುತ್ತದೆ.

ಕೌಲ್‌ಬಜಾರ್ 34:
ಮೊದ್ಲು ಆ ಪ್ಲಾಸ್ಟಿಕ್ ಕೀಳ್ರಿ ಸರ್, ಗಾಡಿ ಉಸಿರಾಡ್ಲಿ. ಸೀಮೆಎಣ್ಣೆ ಎಲ್ಲಿ ಸಿಗ್ತೈತೆ ಈಗ? ರೇಶನ್‌ನಾಗೆ ನಿಂತು ಎಷ್ಟು ವರ್ಷ ಆಯ್ತು. ನಾವೆಲ್ಲಾ ಡೀಸೆಲ್ಲೇ.

ಹೊಸಪೇಟೆ ಸ್ಟಾಕ್:
ಡೀಸೆಲ್ ಜಿಡ್ಡು ಉಳಿಸುತ್ತದೆ, ಅದರ ಮೇಲೆ ನಿಮ್ಮ ಅದಿರಿನ ಧೂಳು ಕೂತು ಚೈನ್ ಅರ ಆಗುತ್ತದೆ. ಸೀಮೆಎಣ್ಣೆ ಸಿಗುತ್ತದೆ, ಕೇಳುವವರು ಕೇಳಬೇಕು.

ಸಿಂಧನೂರು ಟೂ ಸ್ಟ್ರೋಕ್:
ಎಲ್ಲಿ ಸಿಗ್ತದ ಹೇಳ್ರಿ ಸರ್. ನಮ್ಮನ್ಯಾಗ ಸ್ಟೋವ್ ಅದ.

ಭಾಗ್ಯನಗರ 37:
ಸೀಮೆಎಣ್ಣಿ ಆಮೇಲೆ ನೋಡೋಣ. ಆ ಹುಡುಗ ಅವ್ವನ್ನ ಕೂಡಿಸ್ಕೊಂಡು ಹೋಗ್ತೀನಿ ಅಂದಾನ, ಯಾರೂ ಕಣ್ಣಾಡಿಸಿಲ್ಲ.

ನಂದೂ ವಿ3. ನನ್ನ ಎತ್ತರ ಐದಡಿ ಎರಡಿಂಚು, ಸೀಟು 815 ಮಿಲಿಮೀಟರ್. ಕುಶನ್ ಅಂಗಡಿಯಾಂವ 600 ರೂಪಾಯಿ ತಗೊಂಡು ಫೋಮ್ ಒಂದಿಂಚು ಕೊಯ್ದ. ಕಾಲೇನೋ ನೆಲಕ್ಕ ಹತ್ತಿದುವು, ಆದ್ರ ಕುಂಡಿ ಕೆಳಗ ಬರೇ ಹಲಗಿ. ಹೊಲಿಗಿ ಹಾಕಿದ ತೂತಿನಿಂದ ಮಳಿನೀರು ಇಳಿದು ಫೋಮ್ ನಾತ ಹೊಡಿಯಾಕ ಹತ್ತಿತು. ಮತ್ತ ಹೊಸ ಸೀಟು ತರಿಸಿದೆ. ಕೊನಿಗೆ ಏನು ಮಾಡಿದೆ? ಒಂದ ಕಾಲು ಊರೋದು ರೂಢಿ ಮಾಡ್ಕೊಂಡೆ, ಅಷ್ಟ. 600 ನೀರಾಗ ಹೋತು.

ಅದು ಸಣ್ಣದು. ಪ್ಯಾಟ್ಯಾಗಿನ ಮಾಡಿಫೈ ಅಂಗಡಿಯಾಂವ ಟೇಲ್ ಟೈಡಿ (ನಂಬರ್ ಪ್ಲೇಟಿನ ಸಣ್ಣ ಸ್ಟ್ಯಾಂಡು) ಹಾಕುವಾಗ ಹಿಂದಿನ ಮಡ್‌ಗಾರ್ಡ್ ಜೊತಿ ಸೀರಿ ಗಾರ್ಡೂ ಬಿಚ್ಚಿದ. ‘ಲುಕ್ ಬರೂದಿಲ್ಲ ಮೇಡಂ’ ಅಂದ. ನಾನೂ ಹೂಂ ಅಂದೆ. ನಮ್ಮ ಅತ್ತಿ ಇಳಕಲ್ ಸೀರಿ ಉಟ್ಟು ಕುಕನೂರಿನ ಮದುವಿಗೆ ಹಿಂದ ಕುಂತ್ರು. ಹಿಂದಿನ ಸೀಟು ಗುಬ್ಬಿಗೂಡು, ಮುಂದಿನಕ್ಕಿಂತ ಗೇಣು ಮ್ಯಾಲ. ಅಡ್ಡ ಕುಂತ್ರ ಹಿಡ್ಕೊಳ್ಳಾಕ ಏನಿಲ್ಲ. ಊರು ದಾಟಿ ಸ್ವಲ್ಪ ದೂರಕ್ಕ ಸೆರಗು ಚೈನಿಗೆ ಸಿಕ್ತು. ಟರ್ ಅಂತು, ಗಾಲಿ ಹಿಡೀತು, ಇಬ್ಬರೂ ಎಡಕ್ಕ. ನಿಧಾನ ಇದ್ದೆ, ಅದಕ್ಕ ಉಳದ್ವಿ. ಅತ್ತಿ ಎದ್ದು ಕುಂತ್ರ ಸೀರಿ ಕುತ್ತಿಗಿಂದ ಚೈನಿನ ಹಲ್ಲುಗಾಲಿ ತನಕ ಬಿಗಿದ ಹಗ್ಗ ಆಗಿತ್ತು. ಹೊಲದಾಗಿದ್ದ ಮುದುಕ ಕುಡಗೋಲು ತಂದು ಕೊಯ್ದ. ಕೈ ಮೂಳಿ ಸೀಳಿತ್ತು, ಆರು ವಾರ ಪ್ಲಾಸ್ಟರ್. ಆ ಟೋಪ್ ತೆನಿ ಸೆರಗಿನ ತುಂಡು, ಕರ‍್ರನ್ನ ಗ್ರೀಸ್ ಸಮೇತ, ಅತ್ತಿ ಇನ್ನೂ ಟ್ರಂಕಿನ್ಯಾಗ ಇಟ್ಟಾರ. ನನ್ನ ಕೂಡ ಜಗಳಾದಾಗೆಲ್ಲ ತೆಗೀತಾರ.

ಇನ್ಶೂರೆನ್ಸಿನವರು (ಯಾವ ಕಂಪನಿ ಅಂತ ಕೇಳಬ್ಯಾಡ್ರಿ) ಫೋಟೋ ನೋಡಿ ‘ಗಾಡಿ ಬದಲಾಯಿಸೀರಿ, ನಮಗ ತಿಳಿಸಿಲ್ಲ’ ಅಂದು ಫೇರಿಂಗ್ (ಗಾಡಿ ಮೈಯಿನ ಪ್ಲಾಸ್ಟಿಕ್) ರೊಕ್ಕ ಕೊಡಲಿಲ್ಲ. 11,300 ನಂದ. ಪ್ರೀಮಿಯಂ ಏನು ಕಮ್ಮಿ ಇಲ್ಲ, 2022ರ ದರದಾಗ 150 ಸಿಸಿ ದಾಟಿದ್ರ ಥರ್ಡ್ ಪಾರ್ಟಿ 714 ಅಲ್ಲ, 1,366. ಐದ ಸಿಸಿ ಸಲುವಾಗಿ!

ಗಾಡಿ ಮಾರೀನೇನು? ಇಲ್ಲ. ಸೀರಿ ಗಾರ್ಡ್ ವಾಪಸ್ ಹಾಕ್ಸೀನಿ, ಮುಂದಿನ ಬ್ರೇಕ್ ಪ್ಯಾಡ್ ಚಲೋದು ಹಾಕ್ಸೀನಿ, ಉಳಿದದ್ದು ಎಲ್ಲಾ ಸ್ಟಾಕ್. ಶಾಲಿ ಬಿಟ್ಟ ಮ್ಯಾಲ ಖಾಲಿ ರೋಡ್ ಸಿಕ್ರ ಇವತ್ತಿಗೂ ಹೆಲ್ಮೆಟ್ಟಿನೊಳಗ ಹಾಡ್ಕೋತ ಬರ್ತೀನಿ.

ಶಕ್ತಿನಗರ ಆರ್‌ಎಸ್:
ಅಣ್ಣಾ, ಸ್ಟಾಕ್ ಬ್ರೇಕ್ ಪ್ಯಾಡ್ ಏನು ಕಮ್ಮಿ ಅವ? ಸುಮ್ನ ಖರ್ಚು.

ಭಾಗ್ಯನಗರ 37:
ನನ್ನ ಬರಹದಾಗ ಅತ್ತಿ ಅದಾರ, ‘ಮೇಡಂ’ ಐತಿ, ಆದ್ರೂ ನಾ ನಿಮಗ ಅಣ್ಣ. ಓದದ ಉತ್ತರ ಬರಿಯೋದು ನಮ್ಮ ಎಂಟನೇತ್ತಿ ಹುಡುಗರು.

ಶಕ್ತಿನಗರ ಆರ್‌ಎಸ್:
ತಪ್ಪಾತು ಅಕ್ಕಾ. ಆದ್ರ ಪ್ಯಾಡಿನ ಮಾತು ಹಿಂದಕ್ಕ ತಗೊಳಲ್ಲ.

ಹೊಸಪೇಟೆ ಸ್ಟಾಕ್:
ಪ್ರಶ್ನೆ ಕೇಳಿದವರಿಗೆ: 2019ರ ಗಾಡಿ, 31,000 ಅಂದರೆ ಕಡಿಮೆ ಅನ್ನಿಸುತ್ತಿದೆ. ಮೀಟರ್ ನಂಬಬೇಡಿ. ಡಿಸ್ಕ್‌ನ ಅಂಚಿಗೆ ಉಗುರು ಎಳೆದು ನೋಡಿ, ಮೆಟ್ಟಿಲು ಹತ್ತಿದರೆ ಜಾಸ್ತಿ ಓಡಿದೆ. ಸರ್ವಿಸ್ ಹಿಸ್ಟರಿ ಕೇಳಿ. ಅಂದಹಾಗೆ ಆ ಗಾಡಿ ನೀಲಿಯೇ? ನಮ್ಮ ಓಣಿಯಲ್ಲೇ ಒಂದಿದೆ. ರಾತ್ರಿ ಹನ್ನೊಂದಕ್ಕೆ ಸ್ಟಾರ್ಟ್ ಆದರೆ ಕೂಸುಗಳೆಲ್ಲ ಏಳುತ್ತವೆ. ಅದೇ ಆಗಿದ್ದರೆ ದಯವಿಟ್ಟು ಬೇಗ ತೆಗೆದುಕೊಂಡು ಹೋಗಿ.

ಕೌಲ್‌ಬಜಾರ್ 34:
ತಡೀರಿ ತಡೀರಿ. 2019ರ ವಿ3, ಸೈಲೆನ್ಸರ್ ಬೇರೆ ಹಾಕವ್ರೆ ಅಂದ್ರೆ ಅದರ ಒರಿಜಿನಲ್ ಸೈಲೆನ್ಸರ್ ಎಲ್ಲೈತೆ? ಓನರ್ ಹತ್ರ ಐತೇನ್ ಕೇಳು ತಮ್ಮಾ. ನನ್ನ ಗಾಡಿಗೂ ಅದೇ ಕೂಡ್ತೈತೆ. ನಾಕು ಸಾವ್ರ ಕೊಡ್ತೀನಿ, ನಾನೇ ಬಂದು ತಗಂಡು ಹೋಗ್ತೀನಿ.

ಕಾರಟಗಿ ಹುಡುಗ:
ಐತ್ರಿ ಅಣ್ಣಾರ, ಅವ್ರ ಅಟ್ಟದ ಮ್ಯಾಲ ಐತಿ. ಆದ್ರ ಅದು ನನ್ನ ಗಾಡಿ ಜೊತಿ ಬರೂದ್ರಿ.

ಕೌಲ್‌ಬಜಾರ್ 34:
‘ನನ್ನ ಗಾಡಿ’?

ಕಾರಟಗಿ ಹುಡುಗ:
ನಿನ್ನೆ ಸಂಜಿಗೆ ಹೋಗಿದ್ನಿರಿ. ಐದು ಸಾವಿರ ಅಡ್ವಾನ್ಸ್ ಕೊಟ್ಟು ಬಂದೀನಿ.

ಭಾಗ್ಯನಗರ 37:
ಸೀರಿ ಗಾರ್ಡೂ ಅಟ್ಟದ ಮ್ಯಾಲ ಐತೇನು, ಕೇಳಿದ್ಯಾ?

ಕಾರಟಗಿ ಹುಡುಗ:
ಇಲ್ರಿ ಅಕ್ಕಾರ. ಈಗ ಫೋನ್ ಹಚ್ತೀನಿ.