ಸಹಾಯ ಬೇಕು: ತೊಡೆ ಸ್ನಾಯುವಿನ ಅಲ್ಟ್ರಾಸೌಂಡ್ ಬೆಂಗಳೂರಿನಲ್ಲಿ ಎಲ್ಲಿ ಮಾಡುತ್ತಾರೆ?

ಎಲ್ಲರಿಗೂ ನಮಸ್ಕಾರ. ನಾವು ಬನಶಂಕರಿ ಕಡೆಯವರು. ಅಮ್ಮನಿಗೆ 66 ವರ್ಷ, ಶುಗರ್ ಬಂದು 17 ವರ್ಷವಾಯಿತು. ತೂಕ ಇಳಿದಿಲ್ಲ, ಹೊಟ್ಟೆಯೂ ಹಾಗೇ ಇದೆ. ಆದರೆ ತೊಡೆ ಸಣ್ಣಗಾಗಿದೆ. ಬಿಎಂಟಿಸಿ ಬಸ್ ಹತ್ತಲು ಕಂಬಿ ಹಿಡಿದು ಮೈ ಎಳೆದುಕೊಳ್ಳಬೇಕು. "ವಯಸ್ಸಾಯ್ತಲ್ಲ" ಅನ್ನುತ್ತಾರೆ ಎಲ್ಲರೂ. ನನಗೇನೋ ಅಷ್ಟೇ ಅಂತ ಅನ್ನಿಸುತ್ತಿಲ್ಲ.

ಫಿಸಿಯೋಥೆರಪಿಯವರು ಕೈಹಿಡಿತ ಅಳೆದರು: 15 ಕೆಜಿ. ಏಷ್ಯಾದ ಹೆಂಗಸರಿಗೆ 18ಕ್ಕಿಂತ ಕಡಿಮೆ ಬಂದರೆ ಬಲ ಕುಂದಿದೆ ಎಂದೇ ಲೆಕ್ಕವಂತೆ. ತೊಡೆಯ ಮುಂಭಾಗದ ಸ್ನಾಯುವಿನ ಅಲ್ಟ್ರಾಸೌಂಡ್ ಮಾಡಿಸಿ ಎಂದರು. ಸ್ನಾಯು ಎಷ್ಟು ದಪ್ಪ ಇದೆ ಎಂದು ಗೊತ್ತಾಗುತ್ತದೆ. ಒಳಗೆ ಕೊಬ್ಬು ಸೇರಿದ್ದರೆ ಚಿತ್ರದಲ್ಲಿ ಜಾಸ್ತಿ ಬೆಳ್ಳಗೆ ಕಾಣುತ್ತದೆ. ಎಕ್ಸ್‌ರೇ ತರಹ ವಿಕಿರಣವೂ ಇಲ್ಲ.

ಮೂರು ಸ್ಕ್ಯಾನ್ ಸೆಂಟರ್‌ಗಳಲ್ಲಿ ವಿಚಾರಿಸಿದೆ. "ಹೊಟ್ಟೆ, ಥೈರಾಯ್ಡ್ ಆದ್ರೆ ಬನ್ನಿ" ಅಂದರು. ಒಂದು ಕಡೆಯಂತೂ ಸುಮ್ನೆ ರಕ್ತದ ಹರಿವು ನೋಡುವ ಕಾಲಿನ ಡಾಪ್ಲರ್‌ಗೆ ಹೆಸರು ಬರೆದುಕೊಂಡುಬಿಟ್ಟಿದ್ದರು!

ಜಯನಗರ, ಬಸವನಗುಡಿ ಸುತ್ತ ಸ್ನಾಯು ಅಳೆದು ಅಭ್ಯಾಸವಿರುವ ರೇಡಿಯಾಲಜಿಸ್ಟ್ ಯಾರಾದರೂ ಗೊತ್ತಾ? ಪ್ರೋಬ್ (ಚರ್ಮದ ಮೇಲಿಟ್ಟು ನೋಡುವ ಸಾಧನ) ಜೋರಾಗಿ ಒತ್ತಿದರೆ ಸ್ನಾಯು ತೆಳ್ಳಗೆ ಕಾಣುತ್ತದೆ. ಹಾಗಾಗಿ ಆರು ತಿಂಗಳ ನಂತರವೂ ಅವರೇ, ಅದೇ ಮೆಷಿನ್‌ನಲ್ಲಿ ನೋಡುವ ಕಡೆ ಆದರೆ ಒಳ್ಳೆಯದು ಅಲ್ವಾ? ಇಲ್ಲಾ, ಸ್ವಲ್ಪವೇ ಎಕ್ಸ್‌ರೇ ಬಳಸಿ ಮೈಯ ಮೂಳೆ, ಕೊಬ್ಬು, ಸ್ನಾಯು ಅಳೆಯುವ ಡೆಕ್ಸಾ ಸ್ಕ್ಯಾನೇ ವಾಸಿಯಾ? ಮಾಡಿಸಿದವರು ಖರ್ಚು ಎಷ್ಟಾಯಿತು ಅಂತಲೂ ತಿಳಿಸಿ.