ವೆಬ್‌ಸೈಟ್‌ನಲ್ಲಿ, ವೆಬ್‌ಸೈಟಿನಲ್ಲಿ, ವೆಬ್ಸೈಟ್ನಲ್ಲಿ: ಯಾವುದು ಸರಿ?

ಪ್ರಶ್ನೆ: ಒಂದೇ ಲೇಖನದಲ್ಲಿ ಈ ಮೂರೂ ರೂಪಗಳಿವೆ. ಕರಡು ತಿದ್ದುವಾಗ ಯಾವುದನ್ನು ಉಳಿಸಿಕೊಳ್ಳಬೇಕು? ಜೊತೆಗೆ, ‘ವೆಬ್‌ಸೈಟ್’ ಎಂದು ಹುಡುಕಿದರೆ ಕಣ್ಣೆದುರಿಗೇ ಇರುವ ಪದವೂ ಕೆಲವೊಮ್ಮೆ ಸಿಗುವುದಿಲ್ಲ. ಇದು ಕಾಗುಣಿತದ ತೊಂದರೆಯೋ ತಂತ್ರಾಂಶದ್ದೋ?

ಉತ್ತರ: ಎರಡನೆಯದನ್ನು ಉಳಿಸಿಕೊಳ್ಳಿ. ಮೂರನೆಯದು ಬರಹಗಾರರ ತಪ್ಪಾಗಿರಲಿಕ್ಕಿಲ್ಲ, ದಾರಿಯಲ್ಲಿ ಆದ ನಷ್ಟವಿರಬಹುದು. ಕನ್ನಡದಲ್ಲಿ ಹಲಂತದ (ಸ್ವರ ಸೇರದ ವ್ಯಂಜನ, ಉದಾಹರಣೆಗೆ ‘ಬ್’) ಮುಂದೆ ವ್ಯಂಜನ ಬಂದರೆ ಅದು ಒತ್ತಾಗಿ ಕೆಳಗಿಳಿಯುತ್ತದೆ. ‘ಬ್’ ಮತ್ತು ‘ಸೈ’ ಬಿಡಿಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಅಗಲವೇ ಇಲ್ಲದ ಒಂದು ಸಂಕೇತ ಬೇಕು. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದರ ಸಂಖ್ಯೆ 200ಸಿ. ವರ್ಡ್‌ನಲ್ಲಾದರೆ 200ಸಿ ಎಂದು ಇಂಗ್ಲಿಷಿನಲ್ಲಿ ಒತ್ತಿ ಆಲ್ಟ್ ಮತ್ತು ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಬರುತ್ತದೆ. ಇಂಗ್ಲಿಷ್ ಬರಹಕ್ಕೆ ಇದರ ಅಗತ್ಯವೇ ಇಲ್ಲ. ಹಾಗಾಗಿ ಅದನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅರ್ಜಿ ನಮೂನೆ, ಡೇಟಾಬೇಸುಗಳು ಇದನ್ನು ಕಸವೆಂದು ಗುಡಿಸಿಬಿಡುತ್ತವೆ. ಉಳಿಯುವುದು ‘ವೆಬ್ಸೈಟ್’.

ಹುಡುಕಾಟ ಕೈಕೊಡುವುದೂ ಇಲ್ಲಿಯೇ. ‘ವೆಬ್‌ಸೈಟ್’ ಎಂದರೆ ಕಂಪ್ಯೂಟರಿಗೆ ಒಂಬತ್ತು ಸಂಕೇತ. ಕಾಣದ ಸಂಕೇತ ಹೋದರೆ ಎಂಟು; ಹಾಗಾಗಿ ಅದಕ್ಕೆ ಇವೆರಡೂ ಬೇರೆ ಬೇರೆ ಪದ. ಕಣ್ಣೆದುರಿಗಿದ್ದೂ ಸಿಗದಿದ್ದರೆ ಪದದ ಕೊನೆ ನೋಡಿ: ‘ಟ್’ ಆದಮೇಲೂ 200ಸಿ ಅಂಟಿಕೊಂಡಿರಬಹುದು. ಅಲ್ಲಿ ಅದು ಇದ್ದರೂ ಇಲ್ಲದಿದ್ದರೂ ರೂಪ ಒಂದೇ. ‘ಐ’ಕಾರವೂ ಎರಡು ಬಗೆಯಲ್ಲಿ ಕೂತಿರಬಹುದು, ಒಂದೇ ಸಂಕೇತವಾಗಿ, ಇಲ್ಲವೇ ‘ಎ’ಕಾರ ಮತ್ತು ಅದರ ಬಾಲವಾಗಿ. ಇದನ್ನು ಎನ್‌ಎಫ್‌ಸಿ (ಹೀಗೆ ಎರಡು ಬಗೆಯಲ್ಲಿ ಕೂತದ್ದನ್ನು ಒಂದೇ ಬಗೆಗೆ ತರುವ ಯೂನಿಕೋಡಿನ ಕ್ರಮ) ಸರಿಪಡಿಸುತ್ತದೆ, ಆದರೆ 200ಸಿ ತಂಟೆಗೆ ಹೋಗುವುದಿಲ್ಲ. ಆದ್ದರಿಂದ ಹುಡುಕುಪಟ್ಟಿ (ಇಂಡೆಕ್ಸ್) ಕಟ್ಟುವಾಗ ಮೊದಲು ಎನ್‌ಎಫ್‌ಸಿ ಮಾಡಿ, ಆಮೇಲೆ ಹೋಲಿಕೆಗಷ್ಟೇ 200ಸಿ ತೆಗೆಯಿರಿ. ಮೂಲಪಠ್ಯದಿಂದ ಮಾತ್ರ ತೆಗೆಯಬೇಡಿ.

ಇನ್ನು ಬಳಕೆಯ ಮಾತು. ಕನ್ನಡದ ಬಾಯಿ ಎರವಲು ಪದದ ಹಲಂತಕ್ಕೆ ‘ಉ’ ಸೇರಿಸಿಕೊಂಡೇ ವಿಭಕ್ತಿ ಹಚ್ಚುತ್ತದೆ: ಕಾರು, ಫೋನು, ಬ್ಯಾಂಕು, ಒಂದೇ ಉಸಿರಿನ ಹ್ರಸ್ವ ಪದವಾದರೆ ವ್ಯಂಜನ ಇಮ್ಮಡಿಸಿ ಬಸ್ಸು, ಪೆನ್ನು. ಹಾಗೆಯೇ ಸೈಟು, ಸೈಟಿಗೆ, ಸೈಟಿನಲ್ಲಿ, ಸೈಟುಗಳು. ಹೀಗೆ ಬರೆದರೆ ‘ಸೈಟ್‌ಗಳು’, ‘ಸೈಟ್‌ನಲ್ಲಿ’ ಎಂಬಲ್ಲಿ ಬೇಕಾಗುವ ಎರಡನೆಯ 200ಸಿ ಬೇಕಾಗುವುದೇ ಇಲ್ಲ. ‘ವೆಬ್’ ಆದಮೇಲಿನದು ಉಳಿಯುತ್ತದೆ. ‘ವೆಬ್ ಸೈಟು’ ಎಂದು ಬಿಡಿಸಿ ಬರೆಯಬಹುದು, ‘ಜಾಲತಾಣ’ ಎಂದರೆ ಆ ಗೊಡವೆಯೂ ಇಲ್ಲ.

ಮತ್ತೊಬ್ಬರ ಉತ್ತರ: ಸೈಟಿಗೆ ಒಪ್ಪಿದೆ. ಆದರೆ ಇದನ್ನೇ ನಿಯಮ ಮಾಡಿ ಎಲ್ಲ ಕಡೆ ತಿದ್ದಬೇಡಿ. ‘ನೆಟ್’ಗೆ ‘ನೆಟ್ಟು’ ಎಂದರೆ ಸಸಿ ನೆಟ್ಟ ಹಾಗಾಗುತ್ತದೆ. ಉದ್ದ ಪದಗಳಲ್ಲಿ ಇಮ್ಮಡಿ ಒಂದೇ ತೆರನಾಗಿ ನಿಲ್ಲುವುದೂ ಇಲ್ಲ: ಹೋಟೆಲಿನಲ್ಲಿ, ಹೋಟೆಲ್ಲಿನಲ್ಲಿ ಎರಡೂ ಕೇಳಿಬರುತ್ತವೆ. ‘ಗೂಗಲ್’ ಕೂಡ ಹಾಗೆಯೇ. ಅಲ್ಲಿ ‘ಗೂಗಲ್‌ನಲ್ಲಿ’ ಎಂದೇ ಬಿಟ್ಟು, ಅಚ್ಚಿಗೆ ಕಳಿಸುವ ಮುನ್ನ 200ಸಿ ಉಳಿದಿದೆಯೇ ನೋಡಿಕೊಳ್ಳುವುದು ಮೇಲು. ಹೋಗಿದ್ದರೆ ‘ಲ್’ ಕೆಳಗೆ ‘ನ’ ಒತ್ತಾಗಿ ನೇತಾಡುತ್ತಿರುತ್ತದೆ.